ನಮ್ಮ ಕುದುರೆ ಗೆದ್ದಿತು, ಡ್ರೈವರ್‌ಗೆ ದಂಡ ಬಿತ್ತು: ತಪ್ಪು ಯಾರದ್ದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಊರು ಹಾಸನ. ಹತ್ತು ವರ್ಷದಿಂದ ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ ಇದ್ದೇವೆ. ಆಫೀಸಿನವರು ಇಪ್ಪತ್ತು ಜನ ಸೇರಿ ಹಾರ್ನೆಸ್ ರೇಸಿನ, ಅಂದರೆ ಗಾಡಿ ಕಟ್ಟಿ ಓಡಿಸುವ ರೇಸಿನ, ಒಂದು ಕುದುರೆ ಕೊಂಡಿದ್ದೇವೆ. ನನ್ನದು 5 ಪರ್ಸೆಂಟ್ ಪಾಲು. ಹೋದ ತಿಂಗಳು ಹಳ್ಳಿ ಕಡೆಯ ಒಂದು ಟ್ರ್ಯಾಕ್‌ನಲ್ಲಿ ಅದು ಮೊದಲ ಸಲ ಗೆದ್ದಿತು. ಮನೆಯವರೆಲ್ಲ ನೋಡಲು ಹೋಗಿದ್ದೆವು. ಕೊನೆಯ ತಿರುವು ದಾಟಿದ ಮೇಲೆ ಡ್ರೈವರ್ ಚಾವಟಿ ಬೀಸಿದ್ದೇ ಬೀಸಿದ್ದು. ಒಂಬತ್ತು ವರ್ಷದ ಮಗಳು "ಅಪ್ಪಾ, ಮುಂದೆ ಓಡ್ತಿರೋ ಕುದುರೆಗೆ ಯಾಕೆ ಹೊಡೀತಿದ್ದಾರೆ?" ಅಂತ ಅತ್ತುಬಿಟ್ಟಳು. ಸಂಜೆ ಸ್ಟೀವರ್ಡ್ಸ್ (ರೇಸಿನ ತೀರ್ಪುಗಾರರು) ವರದಿ ನೋಡಿದೆ. ಚಾವಟಿ ನಿಯಮ ಮುರಿದದ್ದಕ್ಕೆ ಡ್ರೈವರ್‌ಗೆ 200 ಡಾಲರ್ ದಂಡ ಹಾಕಿದ್ದರು. ಗೆಲುವು ಮಾತ್ರ ಹಾಗೇ ಉಳಿಯಿತು, ಬಹುಮಾನದ ನನ್ನ ಪಾಲೂ ಖಾತೆಗೆ ಬಂತು. ನಮ್ಮ ಗ್ರೂಪಿನಲ್ಲಿ ಕೇಳಿದರೆ ಒಬ್ಬರು "ಕುದುರೆ ಚರ್ಮ ದಪ್ಪ, ಅದಕ್ಕೇನೂ ಆಗಲ್ಲ" ಎನ್ನುತ್ತಾರೆ. ಇನ್ನೊಬ್ಬರು "ಹೊಡೆಯದಿದ್ದರೆ ಗೆಲ್ಲುತ್ತಲೇ ಇರಲಿಲ್ಲ" ಎನ್ನುತ್ತಾರೆ. ಇದರಲ್ಲಿ ಯಾವುದು ನಿಜ? ತಪ್ಪು ಅಂತ ದಂಡ ಹಾಕಿದ ಮೇಲೂ ಗೆಲುವು ಹೇಗೆ ಉಳಿಯುತ್ತದೆ? ಇಷ್ಟು ಸಣ್ಣ ಪಾಲಿನವನು ನಾನೇನು ಮಾಡಬಹುದು, ಮಾರಿ ಕೈ ತೊಳೆದುಕೊಳ್ಳಲೇ? ಮಗಳಿಗೆ ಏನು ಹೇಳಲಿ?

ಉತ್ತರ:

ನಿಮ್ಮ ಪ್ರಶ್ನೆಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ಆ ಹೊಡೆತದ ದುಡ್ಡು ನನ್ನ ಖಾತೆಗೂ ಬಂತಲ್ಲ, ಹಾಗಾದರೆ ಆ ಚಾವಟಿಗೆ ನನ್ನ ಕೈಯೂ ತಾಗಿದೆಯೇ? ನನ್ನನ್ನು ಕೇಳಿದರೆ, ಸ್ವಲ್ಪ ತಾಗಿದೆ. ಹೆದರಬೇಡಿ, ಬೈಯಲು ಹೇಳುತ್ತಿಲ್ಲ. ಈ ವಿಷಯದಲ್ಲಿ ನಿಮ್ಮ ಮಾತಿಗೆ ಇರುವ ತೂಕ ನಿಮಗೇ ಗೊತ್ತಿಲ್ಲ ಅನ್ನಿಸಿತು, ಅದಕ್ಕೆ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಮೊದಲು ಒಂದು ಮಾತು. ಬೆಂಗಳೂರು, ಮೈಸೂರಿನಲ್ಲಿ ನಾವು ನೋಡುವ ರೇಸಿನಲ್ಲಿ ಜಾಕಿ ಕುದುರೆಯ ಮೇಲೆ ಕೂತಿರುತ್ತಾನೆ. ಹಾರ್ನೆಸ್ ರೇಸ್ ಬೇರೆ. ಎರಡು ಗಾಲಿಯ ಹಗುರ ಗಾಡಿಗೆ ಕುದುರೆ ಕಟ್ಟಿರುತ್ತಾರೆ. ಗಾಡಿಗೆ ಸಲ್ಕಿ ಅಂತ ಹೆಸರು. ಡ್ರೈವರ್ ಅದರ ಮೇಲೆ ಕಾಲು ಚಾಚಿ, ಕುದುರೆಯ ಬಾಲದ ಹಿಂದೆಯೇ ಕೂರುತ್ತಾನೆ. ಕುದುರೆಯ ತಳಿಯೂ ಬೇರೆ, ಸ್ಟಾಂಡರ್ಡ್‌ಬ್ರೆಡ್. ನಾಗಾಲೋಟಕ್ಕೆ ಇಲ್ಲಿ ಅವಕಾಶವೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಜಾಸ್ತಿ ಇರುವುದು ಪೇಸರ್‌ಗಳು. ಎಡಗಡೆಯ ಎರಡೂ ಕಾಲು ಒಟ್ಟಿಗೆ, ಬಲಗಡೆಯ ಎರಡೂ ಒಟ್ಟಿಗೆ, ಒಂಟೆಯ ಹಾಗೆ. ಟ್ರಾಟರ್‌ಗಳದ್ದು ಓರೆ ಜೋಡಿ. ಕುದುರೆ ಈ ನಡೆ ಬಿಟ್ಟು ನಾಗಾಲೋಟಕ್ಕೆ ಬಿದ್ದರೆ ಡ್ರೈವರ್ ಅದನ್ನು ಹಿಡಿದು ಮತ್ತೆ ನಡೆಗೆ ತರಬೇಕು. ಅಷ್ಟರಲ್ಲಿ ಉಳಿದ ಗಾಡಿಗಳು ಮುಂದೆ ಹೋಗಿರುತ್ತವೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಚರ್ಮದ ಮಾತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ನನಗೂ ಹಿರಿಯರು ಇದನ್ನೇ ಹೇಳಿದ್ದರು. ನಾನೂ ನಂಬಿದ್ದೆ. ಆಮೇಲೆ ಒಂದು ದಿನ ಲಾಯದಲ್ಲಿ ಸುಮ್ನೆ ನಿಂತಿದ್ದೆ. ಕುದುರೆಯ ಪಕ್ಕೆಯ ಮೇಲೆ ನೊಣ ಕೂತಿತು. ಸರಿಯಾಗಿ ಅಷ್ಟೇ ಜಾಗದ ಚರ್ಮ ಥರಥರ ಅದುರಿ ನೊಣ ಹಾರಿಹೋಯಿತು. ನೊಣದ ಕಾಲು ಗೊತ್ತಾಗುವ ಚರ್ಮಕ್ಕೆ ಚಾವಟಿ ಗೊತ್ತಾಗುವುದಿಲ್ಲವೇ? 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು ಕುದುರೆಯ ಪೃಷ್ಠದ ಚರ್ಮವನ್ನೂ ಮನುಷ್ಯರ ಅದೇ ಜಾಗದ ಚರ್ಮವನ್ನೂ ಮೈಕ್ರೋಸ್ಕೋಪ್ ಕೆಳಗೆ ಹೋಲಿಸಿ ನೋಡಿದರು. ಕುದುರೆಯ ಚರ್ಮದ ಒಳಪದರ ದಪ್ಪ, ಅದು ನಿಜ. ಆದರೆ ನೋವಿನ ಸುಳಿವು ಹಿಡಿಯುವ ನರದ ತುದಿಗಳು ಇರುವುದು ಮೇಲಿನ ತೆಳು ಪದರದಲ್ಲಿ. ಆ ಪದರದ ದಪ್ಪದಲ್ಲಾಗಲಿ, ನರದ ತುದಿಗಳ ಸಂಖ್ಯೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿಮ್ಮ ಗೆಳೆಯರಿಗೆ ಹೇಳಿ, ದಪ್ಪ ಚರ್ಮದ ಮಾತು ನಿಲ್ಲುವುದಿಲ್ಲ.

"ಮೆತ್ತನೆ ಚಾವಟಿ ಬಂದಿದೆಯಲ್ಲ" ಅಂತಲೂ ಯಾರಾದರೂ ಹೇಳಿಯಾರು. ಅದು ಜಾಕಿಗಳ ಚಾವಟಿ. ಆಸ್ಟ್ರೇಲಿಯಾದ ಸವಾರಿ ರೇಸುಗಳಲ್ಲಿ 2009ರಿಂದ ತುದಿಗೆ ಮೆತ್ತೆ ಇರುವ ಚಾವಟಿ ಕಡ್ಡಾಯವಾಯಿತು. ಗಾಡಿ ರೇಸಿನ ಚಾವಟಿ ಉದ್ದ, ಸಣ್ಣಗಿನ ಕೋಲು. ಮಣಿಕಟ್ಟು ಸ್ವಲ್ಪ ಆಡಿದರೂ ಅದರ ತುದಿ ಭಾರಿ ವೇಗದಲ್ಲಿ ಹೋಗುತ್ತದೆ.

ಇನ್ನು ಎರಡನೆಯ ಮಾತು, ಹೊಡೆಯದಿದ್ದರೆ ಗೆಲ್ಲುತ್ತಿರಲಿಲ್ಲ ಎನ್ನುವುದು. ಇದನ್ನು ನಂಬದಿರುವುದು ಕಷ್ಟ. ಯಾಕೆಂದರೆ ಕಣ್ಣಿಗೆ ಹಾಗೇ ಕಾಣುತ್ತದೆ: ಹೊಡೆದರು, ಗೆದ್ದಿತು. 2011ರಲ್ಲಿ ಇದೇ ಸಿಡ್ನಿಯ ತಂಡ ಸವಾರಿ ರೇಸುಗಳನ್ನು ಅಳೆದು ನೋಡಿತ್ತು. ಕುದುರೆಗಳಿಗೆ ಹೊಡೆತ ಜಾಸ್ತಿ ಬೀಳುವುದು ಕೊನೆಯ 400 ಮೀಟರ್‌ನಲ್ಲಿ. ಅಲ್ಲಿ ಅವು ದಣಿದು ವೇಗ ಕಳೆದುಕೊಳ್ಳುತ್ತಿರುತ್ತವೆ. ಹೊಡೆತದಿಂದ ವೇಗ ಏರಿದ್ದು ಕಾಣಲಿಲ್ಲ. ಬ್ರಿಟನ್ನಿನಲ್ಲಿ ಹೊಸ ಜಾಕಿಗಳಿಗೆ ಅಂತ ಚಾವಟಿ ಬೀಸದೆ ಓಡಿಸುವ ರೇಸುಗಳಿವೆ. ಅವುಗಳನ್ನು ಸಾಮಾನ್ಯ ರೇಸುಗಳ ಜೊತೆ ಹೋಲಿಸಿ 126 ರೇಸುಗಳ ಲೆಕ್ಕ ಹಾಕಿದವರಿಗೂ ಓಟದ ಸಮಯದಲ್ಲಿ, ನೇರ ಓಡುವುದರಲ್ಲಿ, ಸುರಕ್ಷತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇವು ಗಾಡಿ ರೇಸಿನ ಅಧ್ಯಯನಗಳಲ್ಲ, ಅದನ್ನು ಹೇಳಿಬಿಡಬೇಕು. ಆದರೆ ದಣಿದ ಸ್ನಾಯು ಎರಡೂ ಕಡೆ ಒಂದೇ. ಖಾಲಿಯಾದ ಟ್ಯಾಂಕಿಗೆ ಎಷ್ಟು ಆಕ್ಸಿಲರೇಟರ್ ಒತ್ತಿದರೇನು?

ಜೊತೆಗೆ ಪೇಸರ್‌ಗೆ ಇನ್ನೊಂದು ಅಪಾಯವಿದೆ, ಮೇಲೆ ಹೇಳಿದ ನಡೆ ತಪ್ಪುವುದು. ಹೆದರಿದ, ಗಾಬರಿಯಾದ ಕುದುರೆ ತಾಳ ತಪ್ಪುತ್ತದೆ. ಮುಂದಿದ್ದ ಕುದುರೆ ಚಾವಟಿಯ ಕಾರಣಕ್ಕೇ ನಡೆ ಮುರಿದು ಕೊನೆಗೆ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಥ ರೇಸಿನ ಬಗ್ಗೆ ಯಾರೂ "ಹೊಡೆಯದಿದ್ದರೆ ಗೆಲ್ಲುತ್ತಿತ್ತು" ಅನ್ನುವುದಿಲ್ಲ, ಅಲ್ವಾ?

ಹಾಗಂತ ಚಾವಟಿಯಿಂದ ಏನೂ ಪ್ರಯೋಜನವಿಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಗಾಡಿಯ ಡ್ರೈವರ್‌ಗೆ ಜಾಕಿಯ ಹಾಗೆ ತೊಡೆ ಒತ್ತಿ, ಮೈ ಭಾರ ಸರಿಸಿ ಹೇಳಲು ಆಗುವುದಿಲ್ಲ. ಅವನ ಹತ್ತಿರ ಇರುವುದು ಲಗಾಮು, ದನಿ, ಆ ಉದ್ದ ಕೋಲು, ಅಷ್ಟೇ. ಹೊರಕ್ಕೆ ವಾಲುವ ಕುದುರೆಯನ್ನು ಕೋಲಿನಿಂದ ಮೆಲ್ಲಗೆ ತಟ್ಟಿ ಒಳಕ್ಕೆ ತರಬಹುದು. ಪಕ್ಕದಲ್ಲಿ ಹತ್ತು ಗಾಡಿಗಳಿರುವಾಗ ಅದು ಸಣ್ಣ ಸಂಗತಿಯಲ್ಲ. ಇನ್ನು, ಒಳ್ಳೆಯ ಡ್ರೈವರ್‌ಗಳು ಚಾವಟಿಯನ್ನು ಬಹುಪಾಲು ಸದ್ದಿಗೆ ಬಳಸುತ್ತಾರೆ. ಕುದುರೆಯ ಹಿಂಭಾಗಕ್ಕೂ ಡ್ರೈವರ್‌ಗೂ ನಡುವೆ ಧೂಳು ತಡೆಯುವ ಒಂದು ಹಾಳೆ ಕಟ್ಟಿರುತ್ತಾರೆ. ಅದರ ಮೇಲೆ ಪಟಪಟ ಬಡಿಯುತ್ತಾರೆ. ದೂರದಿಂದ ನೋಡಿದವರಿಗೆ ಕುದುರೆಗೇ ಹೊಡೆದ ಹಾಗೆ ಕಾಣುತ್ತದೆ. ಕೆಲವು ಕುದುರೆಗಳ ಕಿವಿಗೆ ಬಿರಡೆ ಹಾಕಿರುತ್ತಾರೆ. ಓಟದ ಕೊನೆಯಲ್ಲಿ ಡ್ರೈವರ್ ದಾರ ಎಳೆದು ಅದನ್ನು ಕಿತ್ತುಬಿಡುತ್ತಾನೆ. ಇದ್ದಕ್ಕಿದ್ದ ಹಾಗೆ ಗಾಲಿಗಳ ಸದ್ದು, ಬೇರೆ ಕುದುರೆಗಳ ಉಸಿರು, ಜನರ ಕೂಗು ಎಲ್ಲ ಕಿವಿಗೆ ನುಗ್ಗುತ್ತದೆ. ಕುದುರೆ ಎದ್ದು ಓಡುತ್ತದೆ. ಒಂದು ಏಟೂ ಬೇಕಾಗುವುದಿಲ್ಲ.

ಇದನ್ನು ಮೊದಲ ಸಲ ನೋಡಿದಾಗ ನನಗೆ ಮೈಸೂರಿನ ನಮ್ಮ ಬೀದಿಯ ಜಟಕಾ ಸಾಹೇಬರು ನೆನಪಾದರು. ಅವರು ಚಾವಟಿಯ ಹಿಡಿಯನ್ನು ತಿರುಗುವ ಚಕ್ರದ ಕಡ್ಡಿಗಳಿಗೆ ತಾಗಿಸಿ ಕಟಕಟ ಅನ್ನಿಸುತ್ತಿದ್ದರು. ಜನ ಪಕ್ಕಕ್ಕೆ ಸರಿಯುತ್ತಿದ್ದರು, ಕುದುರೆಯ ಕಿವಿ ನಿಮಿರುತ್ತಿತ್ತು. ದಿನವೂ ಅದೇ ಕುದುರೆಯಿಂದ ಅನ್ನ ತಿನ್ನುವ ಮನುಷ್ಯ ಅದರ ಮೈಗೆ ಹೊಡೆದು ಕೆಡಿಸಿಕೊಳ್ಳುತ್ತಾನೆಯೇ!

ಹಾಗಾದರೆ ಡ್ರೈವರ್‌ಗಳು ಯಾಕೆ ಮಿತಿ ಮೀರುತ್ತಾರೆ? ಕ್ರೂರಿಗಳು ಅಂತ ಹೇಳಿ ಮುಗಿಸುವುದು ಸುಲಭ. ಹದಿನೇಳು ವರ್ಷ ಈ ಟ್ರ್ಯಾಕ್‌ಗಳಲ್ಲಿ ಕುದುರೆ ಡಾಕ್ಟರಾಗಿದ್ದವನು ನಾನು. ಅಂಥವರು ಇಲ್ಲವೆಂದಲ್ಲ, ಬೆರಳೆಣಿಕೆಯವರು. ಉಳಿದವರನ್ನು ಮಿತಿ ಮೀರಿಸುವುದು ಬೇರೆ ಮೂರು ಸಂಗತಿಗಳು.

ಒಂದು, ನಿಯಮಗಳ ನಡುವಿನ ಇಕ್ಕಟ್ಟು. ಆಸ್ಟ್ರೇಲಿಯಾದ ಹಾರ್ನೆಸ್ ನಿಯಮಗಳಲ್ಲಿ 149 ಅಂತ ಒಂದಿದೆ. ಕುದುರೆ ಗೆಲ್ಲಲು, ಇಲ್ಲವೇ ಆದಷ್ಟು ಮುಂದಿನ ಸ್ಥಾನ ಪಡೆಯಲು ಡ್ರೈವರ್ ಸಾಧ್ಯವಾದ, ಅನುಮತಿ ಇರುವ ಎಲ್ಲ ಪ್ರಯತ್ನ ಮಾಡಲೇಬೇಕು ಎನ್ನುತ್ತದೆ ಅದು. ಜನ ದುಡ್ಡು ಕಟ್ಟಿರುತ್ತಾರೆ, ಬೇಕೆಂದೇ ಸೋಲಬಾರದು ಅಂತ. ಇನ್ನೊಂದು 156. ಅದು ಚಾವಟಿ ನಿಯಮ. ಎರಡೂ ಕೈಯಲ್ಲಿ ಒಂದೊಂದು ಲಗಾಮು ಇರಬೇಕು. ಮಣಿಕಟ್ಟು, ಮೊಣಕೈ ಆಡಿಸಿ ತಟ್ಟಬಹುದು, ತೋಳೆತ್ತಿ ಬೀಸುವಂತಿಲ್ಲ. ಕುದುರೆಗೆ ಸ್ಪಂದಿಸಲು ಸಮಯ ಕೊಡದೆ ಒಂದರ ಮೇಲೊಂದು ಹೊಡೆಯುವಂತಿಲ್ಲ. ಗೆಲ್ಲುವ ದಾರಿಯೇ ಇಲ್ಲದ ಕುದುರೆಗೆ, ಗೆರೆ ದಾಟಿದ ಕುದುರೆಗೆ ಹೊಡೆಯುವಂತಿಲ್ಲ. ಗಾಯವಾಗುವ ಹಾಗಂತೂ ಕೂಡದು. 149ರಲ್ಲಿರುವ "ಅನುಮತಿ ಇರುವ" ಎಂಬ ಎರಡು ಪದಗಳಲ್ಲೇ ಉತ್ತರವಿದೆ. ಆದರೆ ಮೂಗಿನ ಅಂತರದ ರೇಸಿನಲ್ಲಿ ಆ ಎರಡು ಪದ ಯಾರಿಗೆ ನೆನಪಾಗುತ್ತದೆ? 149 ಮುರಿದವನ ಮೇಲೆ ರೇಸ್ ಮಾರಿಕೊಂಡ ಎಂಬ ಅನುಮಾನ ಬರುತ್ತದೆ. 156 ಮುರಿದರೆ ಸಣ್ಣ ದಂಡ. ಗಾಬರಿಯಲ್ಲಿ ಕೈ ಯಾವ ಕಡೆ ತಪ್ಪುತ್ತದೆ ಅಂತ ನೀವೇ ಊಹಿಸಿ.

ಎರಡು, ದುಡ್ಡು. ನಿಮ್ಮ ರೇಸಿನ ಬಹುಮಾನ ಎಷ್ಟು ಅಂತ ನೀವು ಬರೆದಿಲ್ಲ. ಲೆಕ್ಕಕ್ಕೆ ಅಂತ ಗೆದ್ದ ಕುದುರೆಗೆ 8,000 ಡಾಲರ್ ಅಂದುಕೊಳ್ಳೋಣ. ಇಲ್ಲಿಯ ರೂಢಿಯಂತೆ ಟ್ರೈನರ್‌ಗೆ 10 ಪರ್ಸೆಂಟ್, ಅಂದರೆ 800. ಡ್ರೈವರ್‌ಗೆ 5 ಪರ್ಸೆಂಟ್, 400. ಉಳಿದ 6,800 ಮಾಲೀಕರಿಗೆ. ಅದರಲ್ಲಿ ನಿಮ್ಮ ಪಾಲು 340. ಈಗ 200 ಡಾಲರ್ ದಂಡ ತೆಗೆಯಿರಿ. ಡ್ರೈವರ್ ಕೈಯಲ್ಲಿ ಇನ್ನೂ 200 ಉಳಿಯಿತು, ಗಾಡಿ ಓಡಿಸಿದ ಫೀಸು ಬೇರೆ. ಟ್ರೈನರ್ ಒಂದು ಸೆಂಟೂ ಕಳೆದುಕೊಳ್ಳಲಿಲ್ಲ. ನೀವೂ ಅಷ್ಟೇ. ಸೋತಿದ್ದರೆ ಡ್ರೈವರ್‌ಗೆ ಈ 400 ಇರುತ್ತಿರಲಿಲ್ಲ. ಮುಂದಿನ ವಾರ ಆ ಕುದುರೆಯೂ ಅವನಿಗೆ ಸಿಗುತ್ತಿತ್ತೋ ಇಲ್ಲವೋ. ಅಂದರೆ ಲಾಭ ಮೂರು ಕಡೆ ಹಂಚಿಹೋಗುತ್ತದೆ, ಶಿಕ್ಷೆ ಒಬ್ಬನ ಮೇಲೆ ಬೀಳುತ್ತದೆ, ಅದೂ ಅವನ ಲಾಭಕ್ಕಿಂತ ಕಡಿಮೆ. ಇದನ್ನು ಶಿಕ್ಷೆ ಅನ್ನುವುದಕ್ಕಿಂತ ಟೋಲ್ ಅನ್ನಬಹುದು.

ಮೂರನೆಯದನ್ನು ನನ್ನ ವೃತ್ತಿಯವನಾಗಿ ಹೇಳುತ್ತೇನೆ. ಡ್ರೈವರ್ ಹೊಡೆಯುವುದು ಕುದುರೆ ಓಡುತ್ತಿಲ್ಲ ಅಂತ. ಕುದುರೆ ಯಾಕೆ ಓಡುತ್ತಿಲ್ಲ? ಲಾಯದವರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ, "ಸೋಮಾರಿ". ಒಂದು ಲಾಯದಲ್ಲಿ ಆರು ವರ್ಷದ ಗಂಡು ಕುದುರೆ ಇತ್ತು. ಮೊದಲ 1,200 ಮೀಟರ್ ಚೆನ್ನಾಗಿ ಓಡಿ ಆಮೇಲೆ ಕೈಬಿಡುತ್ತಿತ್ತು. ಪ್ರತಿ ರೇಸಿನಲ್ಲೂ ಏಟು ತಿನ್ನುತ್ತಿತ್ತು. ಮೂಗಿನೊಳಗೆ ಸ್ಕೋಪ್ ಬಿಟ್ಟು ನೋಡಿದೆ. ಶ್ವಾಸನಾಳದಲ್ಲಿ ರಕ್ತ. ಜೋರಾಗಿ ಓಡಿದಾಗ ಪುಪ್ಪುಸದ ಸಣ್ಣ ರಕ್ತನಾಳಗಳು ಒಡೆದು ಒಳಗೇ ಸೋರುತ್ತಿತ್ತು. ಹೊರಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಇನ್ನೊಂದಕ್ಕೆ ಹೊಟ್ಟೆಯಲ್ಲಿ ಹುಣ್ಣು. ಮತ್ತೊಂದಕ್ಕೆ ಹಿಂಗಾಲಿನ ಕೀಲು ನೋವು. ಅದು ನಿಂತಾಗ ಗೊತ್ತಾಗುತ್ತಿರಲಿಲ್ಲ, ತಿರುವಿನಲ್ಲಿ ಮಾತ್ರ ಕಾಡುತ್ತಿತ್ತು. ಕುದುರೆಗೆ ಬಾಯಿಲ್ಲ. ಹಿಂದೆ ಕೂತವನಿಗೆ ಅದರ ಬೆನ್ನು, ಬಾಲ ಬಿಟ್ಟು ಬೇರೇನೂ ಕಾಣುವುದಿಲ್ಲ. ನನಗೆ ಕೇಳಿದರೆ, ಒಂದೇ ಕುದುರೆಗೆ ಎರಡು ಮೂರು ರೇಸಿನಲ್ಲಿ ಜಾಸ್ತಿ ಚಾವಟಿ ಬಿದ್ದರೆ ಡ್ರೈವರ್‌ನನ್ನು ವಿಚಾರಿಸಿದ ಹಾಗೆ ಕುದುರೆಯನ್ನೂ ಡಾಕ್ಟರ್ ಹತ್ತಿರ ಕಳಿಸಬೇಕು.

ಸರಿ, ವಿಚಾರಣೆ ಹೇಗೆ ನಡೆಯುತ್ತದೆ? ಸ್ಟೀವರ್ಡ್ಸ್ ಅಂದರೆ ರೇಸಿನ ಅಂಪೈರ್‌ಗಳು, ಪೊಲೀಸರು, ನ್ಯಾಯಾಧೀಶರು ಎಲ್ಲ ಒಂದೇ. ಬೇರೆ ಬೇರೆ ಕೋನದ ವಿಡಿಯೋ ನೋಡುತ್ತಾರೆ. ಡ್ರೈವರ್‌ನನ್ನು ಕರೆಸುತ್ತಾರೆ, ಅವನ ಮಾತು ಕೇಳುತ್ತಾರೆ. ತಪ್ಪೊಪ್ಪಿಕೊಂಡನೇ, ಹಿಂದೆ ಎಷ್ಟು ಸಲ ಸಿಕ್ಕಿಬಿದ್ದಿದ್ದಾನೆ, ಎಷ್ಟು ರೇಸಿಗೆ ಒಂದು ಸಲ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಚ್ಚರಿಕೆ, ದಂಡ, ಅಮಾನತು ಹೀಗೆ ಏರುತ್ತದೆ. ಒಪ್ಪದಿದ್ದರೆ ಮೇಲ್ಮನವಿಗೆ ದಾರಿ ಇದೆ. ವಿಕ್ಟೋರಿಯಾದಲ್ಲಿ 2019ರಿಂದ ಅದಕ್ಕೆ ವಿಕ್ಟೋರಿಯನ್ ರೇಸಿಂಗ್ ಟ್ರಿಬ್ಯುನಲ್ ಇದೆ. ಇದು ಪ್ರಾಣಿಹಿಂಸೆಯ ಕ್ರಿಮಿನಲ್ ಕೇಸಲ್ಲ, ಅದನ್ನು ಬೆರೆಸಬೇಡಿ. ಅದಕ್ಕೆ ಇಲ್ಲಿ 1986ರ ಬೇರೆ ಕಾನೂನು ಇದೆ. 200 ಡಾಲರ್ ದಂಡ ಕಟ್ಟಿದವನನ್ನು ಅಪರಾಧಿ ಅಂತ ಗ್ರೂಪಿನಲ್ಲಿ ಬರೆಯಲು ಹೋಗಬೇಡಿ.

ಗೆಲುವು ಯಾಕೆ ಉಳಿಯಿತು? ಕಾರಣ ಸರಳ. ಬೇರೆ ಗಾಡಿಗೆ ಅಡ್ಡ ಬಂದು ಅದರ ಅವಕಾಶ ಕೆಡಿಸಿದರೆ ಕುದುರೆಯ ಸ್ಥಾನ ಇಳಿಸುತ್ತಾರೆ. ಅಲ್ಲಿ ನಷ್ಟವಾದವರು ಕಣ್ಣಿಗೆ ಕಾಣುತ್ತಾರೆ. ಚಾವಟಿ ವಿಷಯದಲ್ಲಿ ನಷ್ಟವಾದದ್ದು ಕುದುರೆಗೆ. ಕುದುರೆ ದೂರು ಕೊಡುವುದಿಲ್ಲ. ಎರಡನೆಯ ಸ್ಥಾನದವರು "ಅವನು ನಿಯಮ ಮುರಿದು ಗೆದ್ದ" ಅಂತ ಕೂಗಬಹುದಿತ್ತು. ಆದರೆ ಅವರ ಡ್ರೈವರೂ ಮುಂದಿನ ವಾರ ಅದೇ ಜಾಗದಲ್ಲಿ ಇರಬಹುದು ನೋಡಿ, ಸುಮ್ಮನಿರುತ್ತಾರೆ.

ಬೇರೆ ಕಡೆ ಬೇರೆ ದಾರಿ ಹಿಡಿದಿದ್ದಾರೆ. ಬ್ರಿಟನ್ನಿನ ಸವಾರಿ ರೇಸುಗಳಲ್ಲಿ 2023ರಿಂದ ಬೇಲಿಯಿಲ್ಲದ ಸಮತಟ್ಟು ಓಟಕ್ಕೆ 6 ಏಟು, ಬೇಲಿ ಹಾರುವ ಓಟಕ್ಕೆ 7 ಏಟು ಮಿತಿ. ಮಿತಿಗಿಂತ 4 ಜಾಸ್ತಿ ಆದರೆ ಕುದುರೆಯೇ ಅನರ್ಹ. ಗೆಲುವೂ ಹೋಯಿತು, ಬಹುಮಾನವೂ ಹೋಯಿತು. ಇದರಲ್ಲಿ ನನಗೆ ಇಷ್ಟವಾದದ್ದು ಏಟಿನ ಎಣಿಕೆಯಲ್ಲ, ಮಾಲೀಕರ ಜೇಬಿಗೆ ಕೈ ಹಾಕಿದ್ದು. ಇಂಥ ನಿಯಮ ಇದ್ದರೆ ಟ್ರೈನರ್ ತಾನೇ ಡ್ರೈವರ್‌ಗೆ "ಕೈ ಜೋಪಾನ" ಎನ್ನುತ್ತಾನೆ. ತೊಂದರೆಯೂ ಇದೆ. ಆ ಕುದುರೆಯ ಮೇಲೆ ದುಡ್ಡು ಕಟ್ಟಿದವರು ಏನು ತಪ್ಪು ಮಾಡಿದ್ದರು? ಕೈಬಿಗಿ ಹಿಡಿದು ಓಡಿಸು ಅಂತ ಹೇಳಿದ್ದ ಮಾಲೀಕನಿಗೂ ಇದೇ ಶಿಕ್ಷೆಯೇ?

ಅಮಾನತು ದಂಡಕ್ಕಿಂತ ಚುರುಕು ಮುಟ್ಟಿಸುತ್ತದೆ. ಎರಡು ವಾರ ಗಾಡಿ ಹತ್ತದಿದ್ದರೆ ಆ ದಿನಗಳ ಎಲ್ಲ ರೇಸಿನ ದುಡ್ಡೂ ಹೋಗುತ್ತದೆ. ಆದರೆ ಅದು ಒಬ್ಬೊಬ್ಬರಿಗೆ ಒಂದೊಂದು ಥರ ಬೀಳುತ್ತದೆ. ದೊಡ್ಡ ಡ್ರೈವರ್‌ಗೆ ಅದು ರಜೆ. ಈಗಷ್ಟೇ ಹೆಸರು ಮಾಡುತ್ತಿರುವ ಹುಡುಗ, ಹುಡುಗಿಗೆ ತಮ್ಮ ಕುದುರೆಗಳು ಬೇರೆಯವರ ಕೈಗೆ ಹೋಗಿ ವಾಪಸ್ ಬರುವುದೇ ಇಲ್ಲ.

ಪೂರ್ತಿ ನಿಷೇಧ? ನಾರ್ವೆ 1980ರ ದಶಕದಲ್ಲೇ ರೇಸಿನಲ್ಲಿ ಕುದುರೆಗೆ ಚಾವಟಿಯಿಂದ ಹೊಡೆಯುವುದನ್ನು ನಿಷೇಧಿಸಿತು. ಅಲ್ಲಿ ರೇಸು ಮುಚ್ಚಿಹೋಗಿಲ್ಲ. ಆಸ್ಟ್ರೇಲಿಯಾದ ಗಾಡಿ ರೇಸಿನವರೂ ಒಮ್ಮೆ ಆ ಹೊಸ್ತಿಲವರೆಗೆ ಹೋಗಿದ್ದರು. 2016ರ ಡಿಸೆಂಬರ್‌ನಲ್ಲಿ ಹಾರ್ನೆಸ್ ರೇಸಿಂಗ್ ಆಸ್ಟ್ರೇಲಿಯಾ, 2017ರ ಸೆಪ್ಟೆಂಬರ್ 1ರಿಂದ ಚಾವಟಿ ಇಲ್ಲ ಎಂದು ಘೋಷಿಸಿತು. ಡ್ರೈವರ್‌ಗಳು, ಟ್ರೈನರ್‌ಗಳು ಸುರಕ್ಷತೆಯ ಮಾತೆತ್ತಿದರು. ಆ ದಿನ ಬಂತು, ಹೋಯಿತು. ಚಾವಟಿ ಉಳಿಯಿತು. ನನಗೆ ಆಗ ಬೇಜಾರಾಗಿತ್ತು. ಈಗ ಯೋಚಿಸಿದರೆ, ನಿಷೇಧ ಬಂದರೂ ಇನ್ನೊಂದು ಕಾವಲು ಬೇಕು ಅನ್ನಿಸುತ್ತದೆ. ಚಾವಟಿ ಕಿತ್ತುಕೊಂಡರೆ ಗೆಲ್ಲಲೇಬೇಕೆಂಬ ಕೈ ಲಗಾಮಿಗೆ ಹೋಗುತ್ತದೆ. ಲಗಾಮನ್ನು ಬಡಿಯುವುದು, ಬಾಯಿ ಜಗ್ಗುವುದು, ಕಾಲು ಚಾಚಿ ಕುದುರೆಯ ಹಿಂಗಾಲಿಗೆ ತಾಗಿಸುವುದು. ಕುದುರೆಯ ಬಾಯಿಯ ನೋವು ಪೃಷ್ಠದ ನೋವಿಗಿಂತ ಕಡಿಮೆಯೇನಲ್ಲ. ಅದು ಕ್ಯಾಮೆರಾದಲ್ಲಿ ಕಾಣುವುದೂ ಕಡಿಮೆ.

ಇದು ಬಿಳಿಯರ ರೇಸಿನ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕರಾವಳಿಯ ಕಂಬಳದಲ್ಲೂ ಬೆತ್ತದ ಮಾತು ಕೋರ್ಟಿನವರೆಗೆ ಹೋಯಿತು. 2017ರಲ್ಲಿ ಕರ್ನಾಟಕ ಕಂಬಳಕ್ಕೆ ಅವಕಾಶ ಕೊಡುವ ಹಾಗೆ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲೂ ನನ್ನ ಪ್ರಶ್ನೆ ಇದೇ. ಬೆತ್ತ ಹಿಡಿದು ಓಡುವ ಹುಡುಗನನ್ನು ತಡೆದು ನಿಲ್ಲಿಸುವುದು ಸರಿ, ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ನಿಂತ ಕೋಣದ ಯಜಮಾನರನ್ನು ಯಾರು ಕೇಳುತ್ತಾರೆ?

ಈಗ ನಿಮ್ಮ ವಿಷಯಕ್ಕೆ ಬರೋಣ. 5 ಪರ್ಸೆಂಟ್ ಸಣ್ಣದು ಅನ್ನಿಸಬಹುದು. ಆದರೆ ಟ್ರೈನರ್‌ಗೆ ತಿಂಗಳು ತಿಂಗಳು ಬಿಲ್ ಕಟ್ಟುವವರು ನೀವು. ನಿಮ್ಮ ಪಾಲುದಾರರ ಗುಂಪಿಗೆ ಒಬ್ಬ ಮ್ಯಾನೇಜರ್ ಇರುತ್ತಾರಲ್ಲ, ಅವರ ಮೂಲಕ ಬರವಣಿಗೆಯಲ್ಲೇ ಹೇಳಿ: ನಮ್ಮ ಕುದುರೆಯನ್ನು ಚಾವಟಿ ಮಿತಿಯೊಳಗೆ ಓಡಿಸುವ ಡ್ರೈವರ್ ಬೇಕು, ಸೋತರೆ ದೂರುವುದಿಲ್ಲ. ಆ ಎರಡನೆಯ ಅರ್ಧ ಮುಖ್ಯ. ಅದನ್ನು ಯಾರೂ ಹೇಳುವುದಿಲ್ಲ, ಡ್ರೈವರ್‌ಗೆ ಬೇಕಾದದ್ದು ಅದೇ. ಇಪ್ಪತ್ತರಲ್ಲಿ ಆರೇಳು ಜನ ಸಹಿ ಹಾಕಿದರೂ ಸಾಕು.

ಯಾವ ಡ್ರೈವರ್ ಹೇಗೆ ಅಂತ ತಿಳಿಯುವುದು ಕಷ್ಟವಲ್ಲ. ಸ್ಟೀವರ್ಡ್ಸ್ ವರದಿಗಳು ಎಲ್ಲರಿಗೂ ನೋಡಲು ಸಿಗುತ್ತವೆ, ನೀವೇ ನೋಡಿದ್ದೀರಿ. ಕಳೆದ ಆರು ತಿಂಗಳ ವರದಿ ಓದಿ. ಯಾರ ಹೆಸರು ಚಾವಟಿಗೆ ಪದೇಪದೇ ಬರುತ್ತದೆ, ಯಾರದ್ದು ಬರುವುದಿಲ್ಲ ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

"ಚಾವಟಿ ಮುಟ್ಟಲೇಬೇಡ" ಅಂತ ಹೇಳಬಹುದೇ? ಹೇಳಬಹುದು, ಆದರೆ ಇಲ್ಲಿ ಎಚ್ಚರ ಬೇಕು. ಹೋದ ಸಲ ಚಾವಟಿ ಹಿಡಿದು ಗೆದ್ದ ಕುದುರೆ ಈ ಸಲ ತಣ್ಣಗೆ ಓಡಿ ಐದನೆಯದಾದರೆ ಸ್ಟೀವರ್ಡ್ಸ್ 149ರ ಕಣ್ಣಿಂದ ನೋಡುತ್ತಾರೆ. ಓಡಿಸುವ ರೀತಿ ಬದಲಾಗುವುದಿದ್ದರೆ ರೇಸಿಗೆ ಮೊದಲೇ ಟ್ರೈನರ್ ಸ್ಟೀವರ್ಡ್ಸ್‌ಗೆ ತಿಳಿಸಲಿ. ಸುಮ್ನೆ ಡ್ರೈವರ್ ಕಿವಿಯಲ್ಲಿ ಹೇಳಿ ಕಳಿಸಿದರೆ ಸಿಕ್ಕಿಬೀಳುವವನು ಮತ್ತೆ ಅವನೇ.

ರೇಸಿನ ಮರುದಿನ ಬೆಳಿಗ್ಗೆ ಲಾಯಕ್ಕೆ ಹೋಗಿ. ಕುದುರೆಯ ಪೃಷ್ಠದ ಮೇಲೆ ಅಂಗೈಯನ್ನು ಕೂದಲಿನ ವಿರುದ್ಧ ದಿಕ್ಕಿನಲ್ಲಿ ಮೆಲ್ಲಗೆ ಆಡಿಸಿ. ಬಾಸುಂಡೆ ಇದ್ದರೆ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ, ಹಗ್ಗದ ಗೆರೆಯ ಹಾಗೆ. ಒತ್ತಿದಾಗ ಬೆನ್ನು ಕುಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ನೋವಿದೆ ಎಂದು ಅರ್ಥ. ಫೋಟೋ ತೆಗೆದು ಟ್ರೈನರ್‌ಗೂ ಡಾಕ್ಟರ್‌ಗೂ ಕಳಿಸಿ. ಪಕ್ಕದಲ್ಲಿ ನಿಲ್ಲಿ, ಹಿಂದೆ ನಿಲ್ಲಬೇಡಿ. ಇದನ್ನು ಹಾಸನದವರಿಗೆ ಹೇಳಬೇಕಾಗಿಲ್ಲ, ಹಸು ಎಮ್ಮೆ ಕಂಡವರು. ಆದರೂ ಹೇಳಿದ್ದೇನೆ.

ಮಾರಿಬಿಡಲೇ ಅಂತ ಕೇಳಿದ್ದೀರಿ. ಮಾರಬಹುದು. ಕರಾರಿನಲ್ಲಿ ಏನಿದೆ ಅಂತ ಮೊದಲು ಓದಿ, ಮಧ್ಯದಲ್ಲಿ ಬಿಟ್ಟರೆ ಸಿಗುವ ಬೆಲೆ ಕೊಟ್ಟದ್ದಕ್ಕಿಂತ ತುಂಬಾ ಕಡಿಮೆ ಇರಬಹುದು. ನನ್ನ ಹಿಂಜರಿಕೆ ದುಡ್ಡಿನದ್ದಲ್ಲ. ನಿಮ್ಮ ಪಾಲು ಕೊಳ್ಳುವವನಿಗೆ ಸ್ಟೀವರ್ಡ್ಸ್ ವರದಿ ಓದುವ ಅಭ್ಯಾಸ ಇರುತ್ತದೆಯೇ? ಒಂದು ಸೀಸನ್ ಇಟ್ಟುಕೊಂಡು ಮೇಲಿನದ್ದನ್ನೆಲ್ಲ ಮಾಡಿ ನೋಡಿ. ಯಾರೂ ಕಿವಿಗೊಡದಿದ್ದರೆ ಆಮೇಲೆ ಬಿಡಿ, ಬಿಡುವಾಗ ಯಾಕೆ ಬಿಡುತ್ತಿದ್ದೇನೆ ಅಂತ ಬರೆದು ಕೊಡಿ.

ಮಗಳಿಗೆ ನಿಜ ಹೇಳಿ. ಹೌದು, ನೋವಾಯಿತು. ಹೊಡೆದದ್ದು ತಪ್ಪು ಅಂತ ಅಲ್ಲಿಯ ದೊಡ್ಡವರೂ ಹೇಳಿದ್ದಾರೆ. ಅಪ್ಪ ಅದರ ಬಗ್ಗೆ ಕಾಗದ ಬರೆದಿದ್ದಾನೆ. ಆ ಕಾಗದವನ್ನು ಅವಳಿಗೆ ಓದಿ ಹೇಳಿ, ಬೇಕಿದ್ದರೆ ಒಂದು ಸಾಲು ಅವಳೂ ಸೇರಿಸಲಿ. ಲಾಯಕ್ಕೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಭುಜದ ಮೇಲೆ, ಕೇಸರ ಮುಗಿಯುವ ಜಾಗದಲ್ಲಿ ತುರಿಸಿದರೆ ಕುದುರೆ ತುಟಿ ಉದ್ದ ಮಾಡಿ ಕಣ್ಣು ಮುಚ್ಚುತ್ತದೆ. ಅವಳು ಕ್ಯಾರೆಟ್ ಕೊಡಬೇಕೆಂದರೆ ಉದ್ದಕ್ಕೆ ಸೀಳಿ ಕೊಡಿ. ಗುಂಡಗೆ ಕತ್ತರಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.